ಜಪಾನಿ ಓದುವವರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಮತ್ತು ಸಂಸ್ಕೃತಿ ಓದುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ, ಆ ಭಾಷೆ ಕಲಿಸುವವರಿಂದ ಉತ್ತರ ಬರೆಸಿದ್ದೇವೆ. ಜಪಾನಿ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಯಾಕೆ ಎನ್ನುವುದು ಎರಡನೆಯ ಉತ್ತರ ಓದಿದರೆ ತಿಳಿಯುತ್ತದೆ.

*

ಪ್ರಶ್ನೆ: ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದೇನೆ. ಜಪಾನಿಯನ್ನೇ ಮುಖ್ಯ ವಿಷಯ ಮಾಡಿಕೊಂಡು ಡಿಗ್ರಿ ಮಾಡುವ ಆಸೆ. ಬೆಂಗಳೂರಿನಲ್ಲೇ ಆಗುತ್ತದೆಯೆ? ಮನೆಯಲ್ಲಿ ‘ಬಿ.ಕಾಂ. ಮಾಡು, ಜೊತೆಗೆ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿಕೊ, ಎರಡೂ ಒಂದೇ’ ಅನ್ನುತ್ತಾರೆ.
— ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಎರಡೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಜಪಾನಿ ಸಿಗುವುದು ಹೆಚ್ಚಾಗಿ ಸರ್ಟಿಫಿಕೇಟ್, ಡಿಪ್ಲೊಮಾ ರೂಪದಲ್ಲಿ. ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯದ ಜಾಗತಿಕ ಭಾಷೆಗಳ ಕೇಂದ್ರದಲ್ಲಿ ಜಪಾನಿ ಕಲಿಸುತ್ತಾರೆ. ಮೆಟ್ರೋ ಇಳಿದರೆ ಪಕ್ಕದಲ್ಲೇ. ಇಂಥವು ವಾರಕ್ಕೆ ಕೆಲವೇ ಗಂಟೆ ಪಾಠವಿರುವ ಅರೆಕಾಲಿಕ ಕೋರ್ಸುಗಳು. ಬಿಡದೆ ಓದಿದರೆ ಮೊದಲ ವರ್ಷದ ಕೊನೆಗೆ ಎನ್5, ಎರಡನೆಯ ವರ್ಷದ ಕೊನೆಗೆ ಎನ್4 ಹತ್ತಿರ ಬರುತ್ತೀರಿ. (ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಐದು ಹಂತ: ಎನ್5 ಎಲ್ಲಕ್ಕಿಂತ ಕೆಳಗಿನದು, ಎನ್1 ಮೇಲಿನದು.)

ಜಪಾನಿಯಲ್ಲೇ ಬಿ.ಎ. ಮಾಡಬೇಕಾದರೆ ಊರು ಬಿಡಲು ಸಿದ್ಧರಾಗಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ — ಈ ಮೂರೂ ಕೇಂದ್ರೀಯ ವಿಶ್ವವಿದ್ಯಾಲಯಗಳು. ವಿಶ್ವಭಾರತಿಯಲ್ಲಿ ಜಪಾನಿ ಅಧ್ಯಯನಕ್ಕೆಂದೇ ನಿಪ್ಪೋನ್ ಭವನವಿದೆ. ಪ್ರವೇಶ ಸಿಯುಇಟಿ ಎಂಬ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಮೂಲಕ. ಅರ್ಜಿ ಕರೆಯುವುದು ನಿಮ್ಮ ಪಿಯುಸಿ ಫಲಿತಾಂಶಕ್ಕೆ ಮೊದಲೇ. ಅನೇಕರು ಎಡವುವುದು ಇಲ್ಲೇ: ಫಲಿತಾಂಶ ಬರಲಿ ಆಮೇಲೆ ನೋಡೋಣ ಎಂದು ಕೂರುತ್ತಾರೆ, ಆ ಹೊತ್ತಿಗೆ ಸಿಯುಇಟಿ ನೋಂದಣಿ ಮುಗಿದಿರುತ್ತದೆ. ಮೊದಲೇ ಜಪಾನಿ ಬರಬೇಕೆಂದಿಲ್ಲ. ಅಕ್ಷರದಿಂದಲೇ ಶುರು ಮಾಡುತ್ತಾರೆ.

ನಿಮಗೆ ಬೇಕಾದದ್ದು ಅನುವಾದ, ಅಧ್ಯಾಪನ, ಸಾಹಿತ್ಯ, ಸಂಶೋಧನೆ ಆದರೆ ಬಿ.ಎ.ಗೇ ಹೋಗಿ. ಲೆಕ್ಕಪತ್ರದ ಕೆಲಸದಲ್ಲಿದ್ದು ಜಪಾನಿ ಕಂಪನಿಯೊಂದರಲ್ಲಿ ಮುಂದೆ ಬರಬೇಕು ಎಂದಾದರೆ ಮನೆಯವರು ಹೇಳುವುದೂ ಸರಿಯೇ. ಆದರೆ ಸರ್ಟಿಫಿಕೇಟ್ ಒಂದಕ್ಕೇ ನಿಲ್ಲಿಸದೆ ಎನ್3ವರೆಗಾದರೂ ಓದಬೇಕು. ಎನ್5ನಿಂದ ಕೆಲಸ ಸಿಗುವುದಿಲ್ಲ. ಈ ಮಾತನ್ನು ಪ್ರವೇಶದ ದಿನವೇ ನಿಮಗೆ ಯಾರಾದರೂ ಹೇಳಬೇಕು, ಹಾಗಾಗಿ ನಾವೇ ಹೇಳುತ್ತಿದ್ದೇವೆ.

*

ಪ್ರಶ್ನೆ: ಮಗ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಡಿಗ್ರಿ ಜೊತೆ ಜಪಾನಿ ಕಲಿಯುತ್ತಿದ್ದಾನೆ. ಪುಸ್ತಕಗಳೆಲ್ಲ ಇಂಗ್ಲಿಷ್‌ನಲ್ಲೇ ವಿವರಿಸುತ್ತವೆ. ಇಂಗ್ಲಿಷ್ ಚೆನ್ನಾಗಿರುವ ಮಕ್ಕಳ ಮುಂದೆ ಇವನು ಹಿಂದೆ ಬೀಳುತ್ತಾನೇನೋ ಎಂಬ ಚಿಂತೆ.
— ತಾಯಿಯೊಬ್ಬರು, ಬಸವನಗುಡಿ

ಉತ್ತರ: ಆತಂಕ ಬೇಡ, ತಾಯಿ. ನಿಮ್ಮ ಮಗನ ಹತ್ತಿರ ಇರುವ ಕನ್ನಡವೇ ಅವನ ದೊಡ್ಡ ಬಂಡವಾಳ. ಅದನ್ನು ಪಕ್ಕಕ್ಕಿಟ್ಟು ಇಂಗ್ಲಿಷ್ ಮೂಲಕ ಜಪಾನಿಗೆ ಹೋಗುವುದು ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದ ಹಾಗೆ.

ಅಕ್ಷರದಿಂದಲೇ ನೋಡಿ. ಹಿರಗಾನ ಎಂಬ ಜಪಾನಿ ಅಕ್ಷರಮಾಲೆಯ ಕ್ರಮ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ನಮ್ಮ ವರ್ಣಮಾಲೆಯ ನೆರಳು ಕಾಣಿಸಿತಲ್ಲ? ಬೌದ್ಧ ಭಿಕ್ಷುಗಳು ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ಜೊತೆ ಕಲಿತ ಭಾರತದ ವರ್ಣಕ್ರಮದ ಪ್ರಭಾವ ಅದು. ಪ ಇರಬೇಕಾದ ಜಾಗದಲ್ಲಿ ಹ ಯಾಕೆ ಎಂದರೆ, ಹಳೆಯ ಜಪಾನಿಯಲ್ಲಿ ಅದು ಪ ಆಗಿಯೇ ಇತ್ತು, ಕಾಲಕ್ರಮದಲ್ಲಿ ಹ ಆಯಿತು. ಪಾಲು ಹಾಲಾಗಿ, ಪೂ ಹೂವಾದ ಭಾಷೆ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹ ಅಕ್ಷರಕ್ಕೆ ಮೇಲೆ ಎರಡು ಗೀಟು ಹಾಕಿದರೆ ಬ, ಸಣ್ಣ ಸೊನ್ನೆ ಹಾಕಿದರೆ ಪ ಯಾಕಾಗುತ್ತದೆ ಎನ್ನುವುದೂ ಇದರಿಂದ ಬಿಡಿಸಿಕೊಳ್ಳುತ್ತದೆ.

ಉಚ್ಚಾರಕ್ಕೆ ಬನ್ನಿ. ಇಂಗ್ಲಿಷ್ ಅಕ್ಷರದಲ್ಲಿ ಜಪಾನಿ ಹೆಸರು ಓದುವ ನಮ್ಮ ಮಕ್ಕಳು ‘ಟನಾಕಾ’ ಅನ್ನುತ್ತಾರೆ. ಅದು ‘ತನಕ’. ನಾವು ‘ಬೆಳಗಿನ ತನಕ’ ಅನ್ನುವಾಗ ಬರುವ ಅದೇ ತ, ಎಲ್ಲ ಸ್ವರಗಳೂ ಹ್ರಸ್ವ. ಜಪಾನಿಯಲ್ಲಿ ಟ, ಡ, ಣ, ಳ ಇಲ್ಲವೇ ಇಲ್ಲ. ಅದಕ್ಕೇ ಮೊದಲ ಎರಡು ವಾರ, ಹಿರಗಾನ ಕೈಗೆ ಹತ್ತುವವರೆಗೆ, ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ. ಆಮೇಲೆ ಅದನ್ನೂ ಬಿಟ್ಟು ಹಿರಗಾನದಲ್ಲೇ ಬರೆಯಲಿ.

ಉದ್ದ-ಗಿಡ್ಡದ ವಿಷಯದಲ್ಲಂತೂ ಕನ್ನಡದ ಕಿವಿ ವರ. ‘ಒಬಸನ್’ ಎಂದರೆ ಅತ್ತೆ-ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷ್ ಮಾತ್ರ ಬಲ್ಲವರು ಈ ವ್ಯತ್ಯಾಸ ಹಿಡಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕತೆ, ಕತ್ತೆ ಬೇರೆ ಬೇರೆ ಎಂದು ಗೊತ್ತಿರುವ ಮಗುವಿಗೆ ಅದು ಪಾಠವೇ ಅಲ್ಲ. ಜಪಾನಿ ಪದದ ಅಳತೆ ನಮ್ಮ ಛಂದಸ್ಸಿನ ಮಾತ್ರೆಯ ಅಳತೆಯೇ. ‘ನಿಪ್ಪೊನ್’ ಬರೆದು ಗುರು ಲಘು ಹಾಕಿ: ಒತ್ತಕ್ಷರದ ಹಿಂದಿನ ನಿ ಗುರು, ಪೊನ್ ಗುರು, ಒಟ್ಟು ನಾಲ್ಕು ಮಾತ್ರೆ. ಜಪಾನಿಯರೂ ನಾಲ್ಕೇ ಎಣಿಸುತ್ತಾರೆ. ‘ತೋಕ್ಯೋ’ ಕೂಡ ನಾಲ್ಕು. ಒಬಸನ್ ನಾಲ್ಕು, ಒಬಾಸನ್ ಐದು. ಹೈಕುವಿನ 5-7-5 ಎಣಿಕೆಯೂ ಈ ಮಾತ್ರೆಗಳದ್ದು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಕಲಿತದ್ದು ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ.

ಇನ್ನು ವಾಕ್ಯ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ವಿಭಕ್ತಿ ಪ್ರತ್ಯಯ ಪದದ ಹಿಂದೆ. ‘ನಾನು ನಿನ್ನೆ ಓದಿದ ಪುಸ್ತಕ’ ಎಂಬಂತೆ ವಿಶೇಷಣ ವಾಕ್ಯ ನಾಮಪದದ ಮುಂದೆ — ಎಲ್ಲ ನಮ್ಮ ಹಾಗೇ. ಎಲ್ಲರೂ ಹೆದರುವ ‘ತೆ’ ರೂಪ ನಮ್ಮ ತಿಂದು, ಬರೆದು, ಹೋಗಿ ಅಷ್ಟೆ. ‘ತಬೆತೆ ಮಿರು’: ತಿಂದು ನೋಡು, ಮಿರು ಎಂದರೆ ನೋಡು ಎಂದೇ ಅರ್ಥ. ‘ಕೈತೆ ಒಕು’: ಬರೆದಿಡು, ಒಕು ಎಂದರೆ ಇಡು. ‘ತಬೆತೆ ಶಿಮೌ’: ತಿಂದುಬಿಡು. ಮನೆಯಿಂದ ಹೊರಡುವವರು ‘ಇತ್ತೆ ಕಿಮಸು’ ಅನ್ನುತ್ತಾರೆ, ಅಂದರೆ ಹೋಗಿ ಬರ್ತೀನಿ. ಒಳಗಿದ್ದವರು ‘ಇತ್ತೆ ಇರಶ್ಶೈ’ ಅನ್ನುತ್ತಾರೆ, ಹೋಗಿ ಬನ್ನಿ. ಇಂಗ್ಲಿಷ್ ವ್ಯಾಕರಣ ಪುಸ್ತಕ ಇವಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತದೆ. ನಿಮ್ಮ ಮಗ ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡ ಸಮಾನ ಬರೆದುಕೊಂಡರೆ ಸಾಕು.

ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ನಮಗೆ ಇದು, ಅದು ಎರಡೇ, ಅವರಿಗೆ ಮೂರು. ನನ್ನ ಹತ್ತಿರದ್ದು ‘ಕೊರೆ’, ನಿಮ್ಮ ಹತ್ತಿರದ್ದು ‘ಸೊರೆ’, ಇಬ್ಬರಿಗೂ ದೂರದ್ದು ‘ಅರೆ’. ಎದುರಿಗಿದ್ದವರ ಕೈಯ ಪೆನ್ನನ್ನು ‘ಅರೆ’ ಅಂದುಬಿಡುವುದು ನಮ್ಮವರ ಖಾಯಂ ತಪ್ಪು. ನಮ್ಮ ‘ಕೊಡು’ ಒಂದೇ. ಅವರಲ್ಲಿ ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’. ಬಂದೆ, ಬಂದಳು, ಬಂದರು ಎಂದು ನಮ್ಮ ಕ್ರಿಯಾಪದವೇ ಯಾರು ಎಂದು ಹೇಳಿಬಿಡುತ್ತದೆ. ಅವರ ‘ಕಿಮಶಿತ’ ಏನೂ ಹೇಳುವುದಿಲ್ಲ. ಆದರೂ ಅವರು ಕರ್ತೃಪದ ಬಿಡುತ್ತಾರೆ. ಹಾಗಾಗಿ ಅಗೆರು, ಕುರೆರು ಸರಿಯಾಗಿ ಕಲಿಯದಿದ್ದರೆ ಯಾರು ಯಾರಿಗೆ ಮಾಡಿದರು ಎಂಬುದೇ ತಿಳಿಯದೆ ಇಡೀ ಪ್ಯಾರಾ ಕೈತಪ್ಪುತ್ತದೆ.

ಕರ್ತೃಪದದ ಹಿಂದೆ ಬರುವ ‘ವ’ ಮತ್ತು ‘ಗ’ ಪ್ರತ್ಯಯಗಳ ವ್ಯತ್ಯಾಸ ನಿಧಾನವಾಗಿ ಬರುವಂಥದ್ದು. ಒಂದು ಊರುಗೋಲು ಕೊಡುತ್ತೇವೆ: ‘ಬಂದದ್ದು ಯಾರು?’ ಎಂಬ ಪ್ರಶ್ನೆಗೆ ‘ಬಂದದ್ದು ಸತೋ’ ಎಂದು ಉತ್ತರಿಸುವ ಕಡೆಯೆಲ್ಲ ‘ಗ’ ಬರುತ್ತದೆ. ‘ಸತೋ ಏನು ಮಾಡಿದರು?’ ಎಂದು ಅವರ ಬಗ್ಗೆಯೇ ಮಾತು ನಡೆದಿದ್ದರೆ ‘ವ’. ಮೊದಲ ವರ್ಷಕ್ಕೆ ಇದು ಸಾಕು.

*

ಪ್ರಶ್ನೆ: ಡಿಸೆಂಬರ್ ಜೆಎಲ್‌ಪಿಟಿ ಎನ್4ನಲ್ಲಿ ಒಟ್ಟು 94 ಬಂದಿದೆ. ಪಾಸಾಗಲು 90 ಸಾಕು ಎಂದಿದ್ದರು. ಆದರೂ ಅನುತ್ತೀರ್ಣ ಎಂದಿದೆ. ತಪ್ಪು ಎಣಿಕೆಯೆ?
— ಓದುಗ, ವಿಜಯನಗರ

ಉತ್ತರ: ಎಣಿಕೆ ಸರಿಯಾಗಿಯೇ ಇದೆ. ಒಟ್ಟು 180ಕ್ಕೆ 90 ಬೇಕು ಎನ್ನುವುದು ಅರ್ಧ ನಿಯಮ. ಎನ್4, ಎನ್5ನಲ್ಲಿ ಭಾಷಾಜ್ಞಾನ ಮತ್ತು ಓದು ಸೇರಿ 120 ಅಂಕ, ಅದರಲ್ಲಿ ಕನಿಷ್ಠ 38. ಆಲಿಸುವಿಕೆ 60 ಅಂಕ, ಅದರಲ್ಲಿ ಕನಿಷ್ಠ 19 ಬರಲೇಬೇಕು. ನಿಮಗೆ ಮೊದಲ ಭಾಗದಲ್ಲಿ 76, ಆಲಿಸುವಿಕೆಯಲ್ಲಿ 18 ಬಂದಿರಬಹುದು, ಅಂಕಪಟ್ಟಿ ನೋಡಿ. ಒಂದು ಅಂಕಕ್ಕೆ ಇಡೀ ಪರೀಕ್ಷೆ ಹೋಗುತ್ತದೆ. ಎನ್3ರಿಂದ ಮೇಲೆ ಭಾಷಾಜ್ಞಾನ, ಓದು, ಆಲಿಸುವಿಕೆ ಮೂರೂ 60ರ ಬೇರೆ ಬೇರೆ ವಿಭಾಗ. ಪ್ರತಿಯೊಂದರಲ್ಲೂ 19 ಬೇಕು. ಒಟ್ಟು ಉತ್ತೀರ್ಣ ಅಂಕ ಎನ್5ಕ್ಕೆ 80, ಎನ್4ಕ್ಕೆ 90, ಎನ್3ಕ್ಕೆ 95, ಎನ್2ಕ್ಕೆ 90, ಎನ್1ಕ್ಕೆ 100.

ಬೆಂಗಳೂರಿನವರು ಹೆಚ್ಚಾಗಿ ಸೋಲುವುದು ಆಲಿಸುವಿಕೆಯಲ್ಲೇ. ತರಗತಿಯಲ್ಲಿ ಮೇಷ್ಟರು ನಿಧಾನ, ಬಿಡಿಬಿಡಿಯಾಗಿ ಮಾತಾಡುತ್ತಾರೆ. ಪರೀಕ್ಷೆಯ ಧ್ವನಿ ಒಂದೇ ಸಲ ಬಂದು ಹೋಗುತ್ತದೆ. ಇನ್ನೊಂದು, ಪ್ರಶ್ನೆ ಕಟ್ಟುವ ರೀತಿಯೇ ಬೀಳಿಸುವಂಥದ್ದು: ಮಾತಿನ ಮೊದಲಲ್ಲಿ ಬರುವ ಗಂಟೆ, ವಸ್ತು, ಜಾಗ ಆಮೇಲೆ ‘ಅಲ್ಲ, ಅದು ಬೇಡ’ ಎಂದು ಬದಲಾಗುತ್ತದೆ. ಮೊದಲು ಕೇಳಿಸಿದ್ದಕ್ಕೇ ಗುರುತು ಹಾಕಿದವರು ಸಿಕ್ಕಿಬೀಳುತ್ತಾರೆ. ದಿನಕ್ಕೆ ಹತ್ತು ನಿಮಿಷ, ಒಂದೇ ನಿಮಿಷದ ಸಂಭಾಷಣೆ ಹಾಕಿಕೊಂಡು, ಧ್ವನಿಯ ಹಿಂದೆಯೇ ನೆರಳಿನಂತೆ ಬಾಯಲ್ಲಿ ಹೇಳಿಕೊಳ್ಳಿ. ಬಾಯಿ ತೊಡರಿದ ಜಾಗವೇ ಕಿವಿಗೆ ಕೇಳಿಸದ ಜಾಗ. ಆ ಸಾಲನ್ನು ಬರೆದು ನೋಡಿ, ಮತ್ತೆ ಹೇಳಿ. ‘ದೆಸು’ ಅನ್ನುವುದು ‘ದೆಸ್’ ಎಂದೂ, ‘ಸುಕಿ’ ಅನ್ನುವುದು ‘ಸ್ಕಿ’ ಎಂಬಂತೆಯೂ ಕೇಳಿಸುತ್ತದೆ. ಪುಸ್ತಕದ ಉಚ್ಚಾರವನ್ನೇ ಕಾಯುತ್ತಾ ಕೂತರೆ ಪದ ದಾಟಿಹೋಗುತ್ತದೆ.

ಪರೀಕ್ಷೆ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ. ನೋಂದಣಿ ಮೂರು ನಾಲ್ಕು ತಿಂಗಳು ಮುಂಚೆಯೇ ನಡೆಯುತ್ತದೆ, ಸೀಟು ಬೇಗ ತುಂಬುತ್ತದೆ. ಫೋನ್ ಆಫ್ ಮಾಡಿಯೇ ಒಳಗೆ ಹೋಗಿ. ಪರೀಕ್ಷೆ ನಡುವೆ ರಿಂಗ್ ಆದರೆ ಕೆಂಪು ಕಾರ್ಡು, ಅಲ್ಲಿಗೆ ನಿಮ್ಮ ಪರೀಕ್ಷೆ ಮುಗಿಯಿತು.

*

ಪ್ರಶ್ನೆ: ಎನ್4 ಪಾಸಾಗಿದ್ದೇನೆ, ಆದರೆ ಡಿಪ್ಲೊಮಾ ಪರೀಕ್ಷೆಯಲ್ಲಿ ಕಂಜಿ (ಚೀನಾದಿಂದ ಬಂದ ಅಕ್ಷರಗಳು) ಬರೆಯಲು ಹೋದರೆ ಕೈಯೇ ಓಡುವುದಿಲ್ಲ. ಎಲ್ಲಿ ತಪ್ಪುತ್ತಿದೆ? ಒಟ್ಟು ಎಷ್ಟು ಕಲಿಯಬೇಕು?
— ಓದುಗರು, ಜೆ.ಪಿ. ನಗರ

ಉತ್ತರ: ಜೆಎಲ್‌ಪಿಟಿಯಲ್ಲಿ ಬರೆಯುವುದೇ ಇಲ್ಲ, ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು ಮಾತ್ರ. ವಿಶ್ವವಿದ್ಯಾಲಯದ ಪರೀಕ್ಷೆ ಕೈಬರಹ ಕೇಳುತ್ತದೆ. ಗುರುತಿಸುವುದು ಒಂದು ವಿದ್ಯೆ, ಬರೆಯುವುದು ಇನ್ನೊಂದು. ನಿಮಗೆ ಮೊದಲನೆಯದು ಬಂದಿದೆ.

ಲೆಕ್ಕ ಹೀಗೆ: ಎನ್5ಕ್ಕೆ ಸುಮಾರು 100 ಕಂಜಿ, ಎನ್4ಕ್ಕೆ 300, ಎನ್3ಕ್ಕೆ 650, ಎನ್2ಕ್ಕೆ 1000, ಎನ್1ಕ್ಕೆ 2000. ಇವು ಅಂದಾಜು, ಪರೀಕ್ಷೆ 2010ರಲ್ಲಿ ಬದಲಾದ ಮೇಲೆ ಅಧಿಕೃತ ಪಟ್ಟಿ ಕೊಡುವುದಿಲ್ಲ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ ಇರುವುದು 2136.

ಮಕ್ಕಳು ಲೆಕ್ಕ ಮಾಡುವ ಚೌಕಳಿ ಪುಸ್ತಕ ತನ್ನಿ. ದಿನಕ್ಕೆ ಐದು ಹೊಸ ಅಕ್ಷರ, ಅದಕ್ಕಿಂತ ಹೆಚ್ಚು ಬೇಡ. ಒಂದೇ ಅಕ್ಷರವನ್ನು ಐವತ್ತು ಸಲ ತಿದ್ದುವುದು ವ್ಯರ್ಥ. ಹತ್ತನೆಯ ಸಲದ ಹೊತ್ತಿಗೆ ಕೈ ಓಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಮೂರು ಸಲ ನೋಡಿ ಬರೆಯಿರಿ, ಪುಸ್ತಕ ಮುಚ್ಚಿ ಎರಡು ಸಲ ಬರೆಯಿರಿ. ನಾಳೆ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರದ ಮೇಲೆ ಒಮ್ಮೆ, ನೋಡದೆ. ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್ ಈ ದಿನಗಳ ಲೆಕ್ಕ ತಾನೇ ಇಡುತ್ತದೆ. ಆದರೆ ಉತ್ತರವನ್ನು ಕಾಗದದ ಮೇಲೆ ಬರೆದ ನಂತರವೇ ಕಾರ್ಡು ತಿರುಗಿಸಿ.

ಗೆರೆಗಳ ಕ್ರಮ ಅಲಂಕಾರವಲ್ಲ, ಆಕಾರ ಅದರಿಂದಲೇ ಬರುವುದು. ಬಲ ಎಂಬ ಅಕ್ಷರ, ಎಡ ಎಂಬ ಅಕ್ಷರ ಎರಡಕ್ಕೂ ಐದೈದು ಗೆರೆ, ಮೇಲಿನ ಅರ್ಧ ನೋಡಲು ಒಂದೇ ಥರ: ಒಂದು ಅಡ್ಡಗೆರೆ, ಅದನ್ನು ದಾಟಿ ಎಡಕ್ಕಿಳಿಯುವ ಒಂದು ಓರೆಗೆರೆ. ಆದರೆ ‘ಮಿಗಿ’ (ಬಲ) ಬರೆಯುವಾಗ ಓರೆಗೆರೆ ಮೊದಲು, ‘ಹಿದರಿ’ (ಎಡ) ಬರೆಯುವಾಗ ಅಡ್ಡಗೆರೆ ಮೊದಲು. ಗೆರೆ ಮುಗಿಯುವ ರೀತಿಯೂ ಮೂರು: ಒತ್ತಿ ನಿಲ್ಲಿಸುವುದು ‘ತೊಮೆ’, ಕೊಕ್ಕೆ ಎತ್ತುವುದು ‘ಹನೆ’, ಬೀಸಿ ಬಿಡುವುದು ‘ಹರೈ’. ಬಾಲ್ ಪೆನ್ನಿನಲ್ಲಿ ಇವು ಕಾಣುವುದಿಲ್ಲ, ಮೆತ್ತನೆಯ ಬಿ ಅಥವಾ ಟುಬಿ ಪೆನ್ಸಿಲ್ ಹಿಡಿಯಿರಿ.

ಅಕ್ಷರವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಪದದಲ್ಲಿ ಕಲಿಯಿರಿ. ಬದುಕು ಎಂಬರ್ಥದ ಒಂದೇ ಅಕ್ಷರ ‘ಗಕುಸೇ’ಯಲ್ಲಿ (ವಿದ್ಯಾರ್ಥಿ) ಸೇ, ‘ಇಶ್ಶೋ’ದಲ್ಲಿ (ಜೀವಮಾನ) ಶೋ, ‘ಇಕಿರು’ವಿನಲ್ಲಿ (ಬದುಕು) ಇ, ‘ಉಮರೆರು’ವಿನಲ್ಲಿ (ಹುಟ್ಟು) ಉ, ಒಂಟಿಯಾಗಿ ನಿಂತರೆ ‘ನಮ’ (ಹಸಿ). ‘ನಿಚಿಯೋಬಿ’ (ಭಾನುವಾರ) ಎಂಬಲ್ಲಿ ಮೊದಲ ಮತ್ತು ಕೊನೆಯ ಅಕ್ಷರ ಒಂದೇ, ಓದು ಮಾತ್ರ ಬೇರೆ: ನಿಚಿ, ಬಿ. ಓದುಗಳ ಪಟ್ಟಿ ಉರುಹೊಡೆದವರು ಪದ ಎದುರಾದಾಗ ನಿಂತುಬಿಡುತ್ತಾರೆ.

ಪ್ರಬಂಧವನ್ನು 400 ಚೌಕದ ‘ಗೆಂಕೋ ಯೋಶಿ’ ಹಾಳೆಯಲ್ಲಿ ಬರೆಯಿಸಿದರೆ ಮೂರು ನಿಯಮ ನೆನಪಿಡಿ: ಪ್ಯಾರಾ ಶುರುವಿಗೆ ಒಂದು ಚೌಕ ಖಾಲಿ, ಪೂರ್ಣವಿರಾಮಕ್ಕೆ ಒಂದು ಚೌಕ, ಆದರೆ ಅದು ಸಾಲಿನ ಮೊದಲ ಚೌಕದಲ್ಲಿ ಬರಬಾರದು, ಒತ್ತು ತೋರಿಸುವ ಸಣ್ಣ ‘ತ್ಸು’ವಿಗೆ ಪೂರ್ತಿ ಒಂದು ಚೌಕ, ಅಡ್ಡ ಬರಹದಲ್ಲಿ ಅದರ ಎಡಗೆಳಗಿನ ಮೂಲೆಯಲ್ಲಿ, ಉದ್ದ ಬರಹದಲ್ಲಿ ಬಲಮೇಲಿನ ಮೂಲೆಯಲ್ಲಿ.

*

ಪ್ರಶ್ನೆ: ಎಂಜಿನಿಯರಿಂಗ್ ಮೂರನೆಯ ವರ್ಷ. ಸಂಜೆ ಜಪಾನಿ ಕಲಿತು ಎನ್3 ಮಾಡಿದ್ದೇನೆ. ಒಂದು ವರ್ಷ ಜಪಾನಿನಲ್ಲಿ ಭಾಷೆ, ಸಂಸ್ಕೃತಿ ಓದುವ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದೆ?
— ಓದುಗ, ಯಲಹಂಕ

ಉತ್ತರ: ಅದಕ್ಕೆ ಆಗುವುದಿಲ್ಲ. ಜಪಾನ್ ಶಿಕ್ಷಣ ಸಚಿವಾಲಯದ ಮೆಕ್ಸ್ಟ್ ವಿದ್ಯಾರ್ಥಿವೇತನಗಳಲ್ಲಿ ‘ಜಪಾನಿ ಅಧ್ಯಯನ’ ವಿಭಾಗ ಇರುವುದು ಜಪಾನಿ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಪದವಿಯಲ್ಲಿ ಓದುತ್ತಿರುವವರಿಗೆ. ಒಂದು ವರ್ಷ ಓದಿ ವಾಪಸ್ ಬಂದಾಗಲೂ ಅವರು ಇಲ್ಲಿ ವಿದ್ಯಾರ್ಥಿಗಳಾಗಿರಬೇಕು. ಕೊನೆಯ ವರ್ಷದಲ್ಲಿ ಅರ್ಜಿ ಹಾಕಿ ಇದೇ ಷರತ್ತಿನಿಂದ ಕಳೆದುಕೊಳ್ಳುವ ಬಿ.ಎ. ವಿದ್ಯಾರ್ಥಿಗಳಿದ್ದಾರೆ, ಅವರು ಎರಡನೆಯ ವರ್ಷದಲ್ಲೇ ತಯಾರಾಗಬೇಕು. ರಾಜಾಜಿನಗರದ ವಿದ್ಯಾರ್ಥಿನಿಗೆ ಬಿ.ಎ. ಮತ್ತು ಸರ್ಟಿಫಿಕೇಟ್ ಒಂದೇ ಅಲ್ಲ ಎಂದದ್ದಕ್ಕೆ ಇದೂ ಒಂದು ಕಾರಣ. ಇತ್ತೀಚಿನ ವರ್ಷಗಳಲ್ಲಿ ಈ ವೇತನ ತಿಂಗಳಿಗೆ 1,17,000 ಯೆನ್. ಬೋಧನಾ ಶುಲ್ಕವಿಲ್ಲ, ವಿಮಾನದ ಖರ್ಚೂ ಅವರದೇ.

ನಿಮ್ಮ ಬಾಗಿಲು ಬೇರೆ. ಬಿ.ಇ. ಮುಗಿದ ಮೇಲೆ ‘ಸಂಶೋಧನಾ ವಿದ್ಯಾರ್ಥಿ’ ವಿಭಾಗಕ್ಕೆ ಹಾಕಿ. ವಯಸ್ಸು 35ರ ಒಳಗಿರಬೇಕು. ಆದರೆ ಅಲ್ಲಿ ಓದುವ ವಿಷಯ ಈಗ ಓದಿದ್ದಕ್ಕೆ ಹೊಂದಬೇಕು. ಮೆಕ್ಯಾನಿಕಲ್ ಮಾಡಿ ಜಪಾನಿ ಸಾಹಿತ್ಯಕ್ಕೆ ಅರ್ಜಿ ಹಾಕಿದರೆ ನಿಲ್ಲುವುದಿಲ್ಲ. ಎನ್3 ಇಟ್ಟುಕೊಂಡು ನಿಮ್ಮದೇ ವಿಷಯದ ಪ್ರಯೋಗಾಲಯ ಹುಡುಕಿ. ಅಲ್ಲಿ ಆ ಭಾಷೆ ನಿಮ್ಮನ್ನು ಎತ್ತಿ ಹಿಡಿಯುತ್ತದೆ. ಪ್ರಕಟಣೆಗಳು ಬೆಂಗಳೂರಿನ ಜಪಾನ್ ಕಾನ್ಸುಲೇಟ್ ಜಾಲತಾಣದಲ್ಲಿ ಬರುತ್ತವೆ, ಏಪ್ರಿಲ್‌ನಿಂದಲೇ ಕಣ್ಣಿಟ್ಟಿರಿ.

*

ಪ್ರಶ್ನೆ: ಬಿಡದಿ ಕಡೆಯ ಕಾರ್ಖಾನೆಯಲ್ಲಿ ಕೆಲಸ. ಫೋನಿನಲ್ಲಿ ನಮ್ಮ ಮ್ಯಾನೇಜರ್ ಬಗ್ಗೆ ಬಹಳ ಗೌರವದಿಂದ ಮಾತಾಡಿದೆ, ಆದರೂ ತಪ್ಪು ಮಾಡಿದೆ ಎಂದರು. ಬಹುವಚನ ಕೊಟ್ಟು ಮಾತಾಡುವುದು ನಮಗೆ ಹೊಸದಲ್ಲವಲ್ಲ?
— ಓದುಗ, ಕೆಂಗೇರಿ

ಉತ್ತರ: ಗೌರವ ಕೊಡಲು ನಮಗೆ ಬರುತ್ತದೆ; ಜಪಾನಿಯಲ್ಲಿ ಅದು ಯಾರ ಎದುರಿಗೆ ಎಂಬುದರ ಮೇಲೆ ಬದಲಾಗುತ್ತದೆ. ‘ನಮ್ಮ ಸಾರ್ ಹೊರಗೆ ಹೋಗಿದ್ದಾರೆ’ ಎಂದು ನಾವು ಯಾರಿಗಾದರೂ ಹೇಳುತ್ತೇವೆ. ಜಪಾನಿಯಲ್ಲಿ ಹೊರಗಿನವರ ಜೊತೆ ಮಾತಾಡುವಾಗ ನಿಮ್ಮ ಮ್ಯಾನೇಜರ್ ಕೂಡ ‘ನಮ್ಮವರು’. ನಮ್ಮವರನ್ನು ತಗ್ಗಿಸಿಯೇ ಹೇಳಬೇಕು. ‘ಸತೋಸನ್ ವ ಇರಶ್ಶೈಮಸೆನ್’ (ಸತೋ ಅವರು ಇಲ್ಲ) ಅಲ್ಲ. ‘ಸತೋ ವ ತದೈಮ ಗೈಶುತ್ಸು ಶಿತೆ ಒರಿಮಸು’ (ಸತೋ ಈಗ ಹೊರಗೆ ಹೋಗಿದ್ದಾರೆ) ಎನ್ನಬೇಕು. ಗೌರವದ ‘ಸನ್’ ತೆಗೆದು ಬರಿ ಹೆಸರು, ವಿನಯದ ‘ಒರಿಮಸು’. ಅದೇ ಸತೋ ಎದುರಿಗೆ ಬಂದರೆ ಸನ್ ಬೇಕೇ ಬೇಕು. ಮನೆಯವರಿಗೂ ಇದೇ ನಿಯಮ: ಹೊರಗಿನವರಿಗೆ ಹೇಳುವಾಗ ನನ್ನ ತಂದೆ ‘ಚಿಚಿ’, ನಿಮ್ಮ ತಂದೆ ‘ಒತೋಸನ್’.

ಇನ್ನೊಂದು ಎಚ್ಚರ. ನಮ್ಮ ‘ನೀವು’ ಎಂದುಕೊಂಡು ‘ಅನತ’ ಬಳಸಬೇಡಿ. ಹೆಸರು ಗೊತ್ತಿರುವವರಿಗೆ ಹೆಸರು ಮತ್ತು ಸನ್, ಗುರುಗಳಿಗೆ ಸೆನ್ಸೇ.

*

ಪ್ರಶ್ನೆ: ಅರ್ಜಿಗಳಲ್ಲಿ ಹುಟ್ಟಿದ ವರ್ಷ ಜಪಾನಿ ಶಕೆಯಲ್ಲಿ ಕೇಳುತ್ತಾರೆ. ಹಾಗೆಯೇ ನನ್ನ ಹೆಸರಿನ ಮುಂದೆ ಎರಡು ಇನಿಶಿಯಲ್ ಇವೆ, ಏನು ಮಾಡಲಿ?
— ವಿದ್ಯಾರ್ಥಿ, ಹೆಬ್ಬಾಳ

ಉತ್ತರ: 1989ರ ಜನವರಿ 8ರಿಂದ 2019ರ ಏಪ್ರಿಲ್ ಕೊನೆಯವರೆಗೆ ಹುಟ್ಟಿದವರು ಇಸವಿಯಲ್ಲಿ 1988 ಕಳೆದರೆ ಹೇಸೇ ವರ್ಷ: 2005 ಎಂದರೆ ಹೇಸೇ 17. 2019ರ ಮೇ 1ರಿಂದ ರೇವಾ. 2018 ಕಳೆಯಿರಿ, 2026 ಎಂದರೆ ರೇವಾ 8. ಹಣದ ಅಂಕಿಯಲ್ಲೂ ಹುಷಾರು: ಅವರದು ಹತ್ತು ಸಾವಿರದ ಗುಂಪು, ‘ಮನ್’. ನಮ್ಮ ಲಕ್ಷ ಅವರ ಹತ್ತು ಮನ್, ಕೋಟಿ ಸಾವಿರ ಮನ್.

ಮೊದಲ ಜೆಎಲ್‌ಪಿಟಿಗೆ ನೋಂದಾಯಿಸುವ ಮುನ್ನವೇ ಪಾಸ್‌ಪೋರ್ಟ್ ಮಾಡಿಸಿ, ಇನಿಶಿಯಲ್ ಬಿಡಿಸಿ ಬರೆಸಿ. ಆಮೇಲೆ ಎಲ್ಲ ಕಡೆ ಅದರಲ್ಲಿರುವ ಹಾಗೇ ಬರೆಯಿರಿ. ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ವೀಸಾ ಹೊತ್ತಿಗೆ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ. ಹೆಸರಿನ ಕತಕಾನ (ವಿದೇಶಿ ಹೆಸರು ಬರೆಯುವ ಜಪಾನಿ ಲಿಪಿ) ರೂಪವನ್ನೂ ಒಮ್ಮೆ ತೀರ್ಮಾನಿಸಿ ಬದಲಿಸಬೇಡಿ. ಅಲ್ಲಿನ ಬ್ಯಾಂಕಿನಲ್ಲಿ ಅದು ಬೇಕಾಗುತ್ತದೆ.

*

ಪ್ರಶ್ನೆ: ನಿವೃತ್ತ ಕನ್ನಡ ಅಧ್ಯಾಪಕ. ಮೊಮ್ಮಗಳು ಜಪಾನಿ ಬಿ.ಎ. ಸೇರುತ್ತಿದ್ದಾಳೆ. ‘ಸಂಸ್ಕೃತಿ’ ಎಂದು ಅಲ್ಲಿ ಏನು ಓದಿಸುತ್ತಾರೆ?
— ಓದುಗರು, ಮಲ್ಲೇಶ್ವರಂ

ಉತ್ತರ: ಕಿಮೊನೊ, ಚಹಾಕೂಟ ಎಂದು ಹಲವರು ಭಾವಿಸುತ್ತಾರೆ ಸಾರ್, ಆದರೆ ಬೆನ್ನೆಲುಬು ಇತಿಹಾಸ. ನಾರಾ (710-794), ಹೆಯಾನ್ (794-1185), ಕಾಮಕುರಾ, ಮುರೊಮಾಚಿ, ಎದೊ (1603-1868), ಮೇಜಿ (1868-1912) ಎಂಬ ಕಾಲವಿಭಾಗ ತಲೆಯಲ್ಲಿ ಕೂರದಿದ್ದರೆ ಸಾಹಿತ್ಯವೂ ಕೂರುವುದಿಲ್ಲ. ಹೆಯಾನ್ ಅರಮನೆಯ ಹೆಣ್ಣುಮಕ್ಕಳು ಹಿರಗಾನದಲ್ಲಿ ಬರೆದ ಗದ್ಯ, ಎದೊ ಪೇಟೆಯ ರಂಗಭೂಮಿ ಮತ್ತು ಹೈಕು, ಮೇಜಿ ಕಾಲದಲ್ಲಿ ಆಡುಮಾತನ್ನು ಬರಹಕ್ಕೆ ತಂದ ಚಳವಳಿ, ಅಲ್ಲಿಂದ ಕವಾಬತ (ನೊಬೆಲ್, 1968) ಮತ್ತು ಓಎ (1994) ವರೆಗೆ. ಎಂ.ಎ.ಗೆ ಹೋದರೆ ಹಳೆಯ ಜಪಾನಿಯ ವ್ಯಾಕರಣವೂ ಬರುತ್ತದೆ. ಹಳಗನ್ನಡ ಪಾಠ ಹೇಳಿದವರು ಮನೆಯಲ್ಲಿದ್ದಾರೆ ಎನ್ನುವುದು ಆಗ ಅವಳಿಗೆ ದೊಡ್ಡ ಅನುಕೂಲ: ಬದಲಾದ ಪ್ರತ್ಯಯ, ಬದಲಾದ ಧ್ವನಿ ಹಿಡಿದು ಹಿಂದಕ್ಕೆ ನಡೆಯುವ ಅಭ್ಯಾಸ ನಿಮ್ಮಿಂದಲೇ ಕಲಿಯಬಹುದು.

ಭಾರತಕ್ಕೂ ಜಪಾನಿಗೂ ಇರುವ ನಂಟು ಕೇಳಿದರೆ ಅವಳಿಗೆ ಇಷ್ಟು ಹೇಳಿ ಕಳಿಸಿ. ನಾರಾದ ತೋದೈಜಿ ದೇಗುಲದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ತೆರೆಸಿದವನು ಭಾರತದ ಭಿಕ್ಷು ಬೋಧಿಸೇನ. ಸರಸ್ವತಿ ಅಲ್ಲಿ ವೀಣೆಯ ಬದಲು ಬಿವಾ ಹಿಡಿದ ಬೆನ್‌ಜೈತೆನ್, ಇಂದ್ರ ತೈಶಕುತೆನ್, ಬ್ರಹ್ಮ ಬೊನ್‌ತೆನ್, ಕುಬೇರ ಬಿಶಾಮೊನ್‌ತೆನ್, ಯಮ ಎನ್ಮ. ಚೀನಾದ ಮೂಲಕ ಹೋದದ್ದರಿಂದ ಹೆಸರು, ರೂಪ ಎರಡೂ ಬದಲಾಗಿವೆ. ‘ಎಲ್ಲ ನಮ್ಮಿಂದಲೇ ಹೋದದ್ದು’ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗದು. ಏನು, ಯಾವಾಗ, ಯಾವ ದಾರಿಯಿಂದ, ಅಲ್ಲಿ ಏನಾಯಿತು ಎಂದು ಬರೆಯಬೇಕು.

*

ಪ್ರಶ್ನೆ: ‘ಜಪಾನಿನಲ್ಲಿ ಓದು, ಪಾರ್ಟ್‌ಟೈಮ್ ದುಡಿದು ಪೂರ್ತಿ ಖರ್ಚು ತೀರಿಸಿಕೊ’ ಎಂದು ಏಜೆಂಟರೊಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೆ?
— ತಂದೆಯೊಬ್ಬರು, ಪೀಣ್ಯ

ಉತ್ತರ: ಸದ್ಯಕ್ಕೆ ಕೊಡಬೇಡಿ. ಮೊದಲು ಮಗ ಸೇರುವುದು ವಿಶ್ವವಿದ್ಯಾಲಯವೋ ಭಾಷಾ ಶಾಲೆಯೋ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಅದು ಭಾಷಾ ಶಾಲೆ. ಅದರಲ್ಲಿ ತಪ್ಪಿಲ್ಲ, ಆದರೆ ಅಲ್ಲಿ ಗರಿಷ್ಠ ಎರಡು ವರ್ಷ, ಕೊನೆಗೆ ಪದವಿ ಸಿಗುವುದಿಲ್ಲ. ವಿಶ್ವವಿದ್ಯಾಲಯಕ್ಕೆ 12 ವರ್ಷದ ಶಾಲಾ ಓದು ಬೇಕು. ಜಪಾನಿ ಮಾಧ್ಯಮದ ಅನೇಕ ಕಡೆ ಜೂನ್ ಮತ್ತು ನವೆಂಬರ್‌ನಲ್ಲಿ ನಡೆಯುವ ಇಜೆಯು ಎಂಬ ವಿದೇಶಿ ವಿದ್ಯಾರ್ಥಿಗಳ ಪ್ರವೇಶ ಪರೀಕ್ಷೆಯ ಅಂಕವೂ ಬೇಕು. ಮುಖ್ಯ ಪ್ರವೇಶ ಏಪ್ರಿಲ್‌ನಲ್ಲಿ.

ವಿದ್ಯಾರ್ಥಿ ವೀಸಾದಲ್ಲಿ ಬೇರೆ ಅನುಮತಿ ಪಡೆದು, ತರಗತಿ ನಡೆಯುವ ಕಾಲದಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಅದರಿಂದ ಊಟ, ಬಾಡಿಗೆಯ ಒಂದು ಪಾಲು ನೀಗಬಹುದು. ಶುಲ್ಕವೂ ಸೇರಿ ಪೂರ್ತಿ ತೀರುತ್ತದೆ ಎನ್ನುವುದು ಸುಳ್ಳು ಭರವಸೆ. ಗಂಟೆ ಮೀರಿದರೆ ವೀಸಾ ನವೀಕರಣ ನಿಲ್ಲುತ್ತದೆ, ಹಾಜರಿ ಕಡಿಮೆಯಾದರೂ ಅಷ್ಟೆ. ದುಡಿಮೆಯೇ ಉದ್ದೇಶವಾದರೆ ‘ತೊಕುತೇ ಗಿನೋ’ ಎಂಬ ಕುಶಲ ಕೆಲಸಗಾರರ ವೀಸಾ 2019ರಿಂದ ಇದೆ. ಅದಕ್ಕೆ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಭಾಷಾ ಪರೀಕ್ಷೆ, ಜೊತೆಗೆ ಆಯಾ ಕೆಲಸದ ಕೌಶಲ ಪರೀಕ್ಷೆ ಪಾಸಾಗಬೇಕು. ಓದಿನ ವೀಸಾದಲ್ಲಿ ಅದನ್ನು ಮಾಡಲು ಹೋಗಬೇಡಿ.

ಭಾಷಾ ಶಾಲೆಗೇ ಕಳಿಸುವುದಾದರೆ ಮೊದಲು ಇಲ್ಲಿ ಎನ್5 ಮಾಡಿಸಿ ಅಥವಾ 150 ಗಂಟೆ ಪಾಠ ಮುಗಿಸಿದ ಪತ್ರ ಪಡೆಯಿರಿ. ಸಾಮಾನ್ಯವಾಗಿ ಅದನ್ನು ಕೇಳುತ್ತಾರೆ. ಶಾಲೆಗೆ ಜಪಾನ್ ಸರ್ಕಾರದ ಮಾನ್ಯತೆ ಇದೆಯೇ ಎಂದು ನೀವೇ ಪರಿಶೀಲಿಸಿ. ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ತರುವುದು ಆ ಶಾಲೆಯ ಕೆಲಸ. ಅದು ಬಂದ ಮೇಲೆ ಇಲ್ಲಿ ವೀಸಾ ಅರ್ಜಿ. ಅರ್ಜಿ ಶುಲ್ಕ ಮೊದಲು, ಬೋಧನಾ ಶುಲ್ಕ ಆ ಪ್ರಮಾಣಪತ್ರ ಸಿಕ್ಕ ನಂತರ, ಅದೂ ಏಜೆಂಟರ ಖಾತೆಗಲ್ಲ, ಶಾಲೆಯ ಖಾತೆಗೆ. ಪ್ರಮಾಣಪತ್ರದ ಅವಧಿ ಮೂರು ತಿಂಗಳು. ಕೈಗೆ ಬಂದ ವಾರವೇ ವೀಸಾಕ್ಕೆ ಹಾಕಿ.